ಗಾಡಿ ನಿಂತ ಮೇಲೆ ಬರುವ ‘ಟಕ್’: ಸ್ಲಿಪ್ ಜಾಯಿಂಟ್ ಬಿಚ್ಚಿ ಗ್ರೀಸ್ ಮಾಡಿದ ಕಥೆ

ಬ್ರೇಕ್ ಹಿಡಿದಿದ್ದೇನೆ. ಚಕ್ರ ಉರುಳುವುದು ನಿಂತಿದೆ. ತಗ್ಗಿದ ಮೂತಿ ಮತ್ತೆ ಮೇಲೆದ್ದು ಗಾಡಿ ಸಮಕ್ಕೆ ಬಂದಿದೆ. ಇನ್ನೇನು ಎಲ್ಲ ಸ್ತಬ್ಧವಾಯಿತು ಎನ್ನುವಷ್ಟರಲ್ಲಿ ಸೀಟಿನ ಕೆಳಗೆಲ್ಲೋ ‘ಟಕ್’. ಹಿಂದಿನಿಂದ ಯಾರೋ ಬಂಪರಿಗೆ ಮೆಲ್ಲಗೆ ತಾಗಿಸಿದ ಹಾಗೆ. ಮೊದಲ ಸಲ ಕೇಳಿದಾಗ ಕನ್ನಡಿಯಲ್ಲಿ ಹಿಂದೆ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಗಾಡಿ ಹಳೆಯ ಪಿಕಪ್. ಚಾಸಿಸ್ ಮೇಲೆ ಕೂರಿಸಿದ ಬಾಡಿ, ಹಿಂದೆ ಪಟ್ಟಿ ಸ್ಪ್ರಿಂಗು, ಆಟೋಮ್ಯಾಟಿಕ್ ಗೇರ್ ಬಾಕ್ಸ್, ಅದರ ಬೆನ್ನಿಗೆ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್, ಅಲ್ಲಿಂದ ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ವರೆಗೆ ಒಂದೇ ಉದ್ದದ ಪ್ರೊಪೆಲ್ಲರ್ ಶಾಫ್ಟ್. ಶಾಫ್ಟಿನ ಎರಡೂ ತುದಿಗೆ ಒಂದೊಂದು ಕ್ರಾಸ್, ಅಂದರೆ ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ ಕೀಲು. ಮುಂದಿನ ಕ್ರಾಸಿಗೆ ಹೊಂದಿಕೊಂಡು ಸ್ಲಿಪ್ ಜಾಯಿಂಟ್: ಉದ್ದುದ್ದ ಹಲ್ಲುಗಳಿರುವ ಒಂದು ದಂಡ, ಅದರ ಮೇಲೆ ಅದೇ ಅಚ್ಚಿನ ಹಲ್ಲುಗಳನ್ನು ಒಳಗೆ ಕೊರೆದ ಒಂದು ತೋಳು. ಎರಡೂ ಒಟ್ಟಿಗೇ ತಿರುಗುತ್ತವೆ. ಆದರೆ ಒಂದು ಇನ್ನೊಂದರೊಳಗೆ ಹಿಂದೆ ಮುಂದೆ ಜಾರಬಹುದು. ಹಿಂದಿನ ಆಕ್ಸಲ್ ಸ್ಪ್ರಿಂಗಿನ ಮೇಲೆ ಏರಿ ಇಳಿಯುವಾಗ ಗೇರ್ ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ನಡುವಿನ ದೂರ ಹೆಚ್ಚು ಕಡಿಮೆಯಾಗುತ್ತಲೇ ಇರುತ್ತದೆ. ಆ ವ್ಯತ್ಯಾಸವನ್ನು ನುಂಗಿಕೊಳ್ಳುವುದು ಈ ಜಾರುವ ಜಾಗ.

ಸದ್ದು ಯಾವಾಗ ಬರುತ್ತದೆ ಎಂದು ಒಂದು ವಾರ ಚೀಟಿಯಲ್ಲಿ ಬರೆದಿಟ್ಟೆ. ನಿಂತು ಅರೆ ಕ್ಷಣ ಕಳೆದ ಮೇಲೆ ಒಮ್ಮೆ. ಬ್ರೇಕ್ ಬಿಟ್ಟು ಹೊರಡುವಾಗ ಒಮ್ಮೆ, ಇದು ಸ್ವಲ್ಪ ಜೋರು. ರಸ್ತೆಯ ಉಬ್ಬನ್ನು ನಿಧಾನಕ್ಕೆ ದಾಟುವಾಗ ಅಪರೂಪಕ್ಕೆ. ವೇಗದಲ್ಲಿ ಓಡುವಾಗ ಒಮ್ಮೆಯೂ ಇಲ್ಲ. ಈ ನಾಲ್ಕು ಸಾಲು ಮುಂದೆ ತುಂಬ ಕೆಲಸಕ್ಕೆ ಬಂದವು.

ಕೈಗೆ ಸಿಗದ ಸಡಿಲು

ಇಂಥ ಸದ್ದು ಕೇಳಿದವರೆಲ್ಲರ ಬಾಯಲ್ಲಿ ಮೊದಲು ಬರುವ ಮಾತು, ‘ಕ್ರಾಸ್ ಹೋಗಿದೆ, ಬದಲಿಸಿ’. ಎರಡನೆಯದು, ‘ಕ್ರೌನ್ ಪಿನಿಯನ್ ಸವೆದಿದೆ’, ಅಂದರೆ ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರದ ಜೋಡಿ. ಎರಡೂ ಆಗಬಹುದಾದದ್ದೇ. ಆದರೆ ಎರಡನ್ನೂ ಭಾಗ ಕೊಳ್ಳುವ ಮೊದಲು ಕೈಯಿಂದಲೇ ಪರೀಕ್ಷಿಸಬಹುದು.

ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ಹಾಕಿ ಕೆಳಗೆ ಮಲಗಿದೆ. ಒಂದು ಕೈಯಲ್ಲಿ ಶಾಫ್ಟಿಗೆ ಬೋಲ್ಟಾಗುವ ತಟ್ಟೆ, ಅಂದರೆ ಫ್ಲಾಂಜ್, ಇನ್ನೊಂದು ಕೈಯಲ್ಲಿ ಶಾಫ್ಟ್ ಹಿಡಿದು ಎರಡನ್ನೂ ಎದುರು ಬದುರಾಗಿ ತಿರುಚಿದೆ. ಕ್ರಾಸ್ ಸವೆದಿದ್ದರೆ ಬೆರಳಿಗೇ ಆಟ, ಅಂದರೆ ಸಡಿಲು, ತಿಳಿಯುತ್ತದೆ, ಕ್ರಾಸಿನ ನಾಲ್ಕು ತುದಿಯ ಬಟ್ಟಲುಗಳ ಅಂಚಿನಲ್ಲಿ ಇಟ್ಟಿಗೆಪುಡಿಯಂಥ ತುಕ್ಕು ಉದುರಿರುತ್ತದೆ. ಇಲ್ಲಿ ಎರಡೂ ಇರಲಿಲ್ಲ. ಮೇಲೆ ಕೆಳಗೆ ಎತ್ತಿ ನೋಡಿದೆ, ಅಲ್ಲೂ ಬಿಗಿ. ಪಿನಿಯನ್ ಫ್ಲಾಂಜನ್ನು ಆಚೆ ಈಚೆ ತಿರುಗಿಸಿದಾಗ ಸಣ್ಣ ಆಟವಿತ್ತು. ಅದು ಇರಲೇಬೇಕಾದದ್ದು, ಹಲ್ಲುಗಳ ನಡುವೆ ಎಣ್ಣೆಗೆ ಜಾಗ ಬೇಕು. ಆಕ್ಸಲನ್ನು ಸ್ಪ್ರಿಂಗಿಗೆ ಹಿಡಿದಿಡುವ ಯು ಬೋಲ್ಟುಗಳು ಬಿಗಿಯಾಗಿದ್ದವು, ಸ್ಪ್ರಿಂಗಿನ ನಡುಬೋಲ್ಟು ಸರಿದಿರಲಿಲ್ಲ, ಬುಷ್‌ಗಳಲ್ಲಿ ಬಿರುಕಿರಲಿಲ್ಲ. ಎಂಜಿನ್ ಮತ್ತು ಗೇರ್ ಬಾಕ್ಸಿನ ಮೌಂಟಿಂಗ್ ರಬ್ಬರುಗಳೂ ಗಟ್ಟಿ.

ಸ್ಲಿಪ್ ಜಾಯಿಂಟನ್ನೂ ಹಿಡಿದು ತಿರುಚಿದ್ದೆ. ಅದೂ ಬಿಗಿಯೇ. ‘ಇದರಲ್ಲೂ ಏನಿಲ್ಲ’ ಎಂದು ಚೀಟಿಯಲ್ಲಿ ಬರೆದುಕೊಂಡೆ. ಆ ದಿನದ ತಪ್ಪು ಅದು. ಒಣಗಿದ ಸ್ಲಿಪ್ ಜಾಯಿಂಟಿನಲ್ಲಿ ಸಡಿಲು ಇರುವುದಿಲ್ಲ, ಬಿಗಿತವೇ ಅದರ ರೋಗ. ಆಟವಿದೆಯೇ ಎಂದು ಹುಡುಕುವ ಕೈಗೆ ಅದು ಆರೋಗ್ಯವಾಗಿಯೇ ಕಾಣುತ್ತದೆ.

ಸುಳಿವು ಕೊಟ್ಟದ್ದು ಚೀಟಿಯ ಮೊದಲ ಸಾಲು. ನಿಂತ ಮೇಲೆ ಯಾಕೆ ಸದ್ದು? ನಿಂತ ಗಾಡಿಯಲ್ಲಿ ಚಲಿಸುತ್ತಿರುವುದಾದರೂ ಏನು?

ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಸರಿದು ಗಾಡಿಯ ಹಿಂಭಾಗ ಏಳುತ್ತದೆ. ಬ್ರೇಕು ಆಕ್ಸಲ್ ಕವಚವನ್ನು ಚಕ್ರದ ದಿಕ್ಕಿನಲ್ಲೇ ಎಳೆಯುವುದರಿಂದ ಪಟ್ಟಿ ಸ್ಪ್ರಿಂಗು ಸ್ವಲ್ಪ ತಿರುಚಿಕೊಂಡು ಪಿನಿಯನ್ ಮೂತಿ ತಗ್ಗುತ್ತದೆ. ಶಾಫ್ಟ್ ಅಷ್ಟು ಉದ್ದವಾಗಬೇಕು. ಗಾಡಿ ನಿಂತ ಕೂಡಲೇ ಹಿಂಭಾಗ ಇಳಿಯುತ್ತದೆ, ಸ್ಪ್ರಿಂಗಿನ ತಿರುಚು ಬಿಚ್ಚುತ್ತದೆ, ಶಾಫ್ಟ್ ಮತ್ತೆ ಗಿಡ್ಡವಾಗಬೇಕು. ಆಟೋಮ್ಯಾಟಿಕ್ ಗಾಡಿಯಲ್ಲಿ ಆಗಲೂ ಗೇರ್ ‘ಡಿ’ಯಲ್ಲೇ (ಡ್ರೈವ್) ಇರುತ್ತದೆ, ಎಂಜಿನ್ ಶಾಫ್ಟನ್ನು ತಿರುಚುತ್ತಲೇ ಇರುತ್ತದೆ. ಆ ತಿರುಚಿನಲ್ಲಿ ಹಲ್ಲಿಗೆ ಹಲ್ಲು ಒತ್ತಿಕೊಂಡಿರುತ್ತದೆ. ನಡುವೆ ಗ್ರೀಸ್ ಇದ್ದರೆ ಒತ್ತಿಕೊಂಡೇ ಜಾರುತ್ತದೆ. ಇಲ್ಲದಿದ್ದರೆ ಕಚ್ಚಿ ಹಿಡಿಯುತ್ತದೆ, ಸ್ಪ್ರಿಂಗಿನ ಒತ್ತಡ ಕೂಡುತ್ತ ಹೋಗುತ್ತದೆ, ಒಂದು ಹಂತದಲ್ಲಿ ಹಿಡಿತ ತಪ್ಪಿ ಒಮ್ಮೆಲೇ ಜಾರುತ್ತದೆ. ಅದೇ ‘ಟಕ್’.

ಲೆಕ್ಕ ಹಾಕಿದರೆ ಈ ಹಿಡಿತ ಸಣ್ಣದೇನಲ್ಲ. ನಿಂತ ಗಾಡಿಯ ಶಾಫ್ಟಿನಲ್ಲಿ 100 ನ್ಯೂಟನ್ ಮೀಟರ್ ತಿರುಚುಬಲ ಇದೆ ಎಂದು ಹಿಡಿಯೋಣ. ಹಲ್ಲುಗಳು ಶಾಫ್ಟಿನ ನಡುವಿನಿಂದ 15 ಮಿ.ಮೀ. ದೂರದಲ್ಲಿದ್ದರೆ ಅವುಗಳ ಮೇಲಿನ ಒಟ್ಟು ಒತ್ತಡ ಸುಮಾರು 6,700 ನ್ಯೂಟನ್. ಒಣ ಉಕ್ಕಿನ ಘರ್ಷಣಾಂಕವನ್ನು 0.3 ಎಂದಿಟ್ಟುಕೊಂಡರೆ ಜಾರಿಸಲು 2,000 ನ್ಯೂಟನ್ ಬೇಕು, ಅಂದರೆ ಸುಮಾರು 200 ಕಿಲೋ ಭಾರದಷ್ಟು. ಗ್ರೀಸ್ ಇದ್ದು ಘರ್ಷಣಾಂಕ 0.1ಕ್ಕೆ ಇಳಿದರೆ ಮೂರನೆಯ ಒಂದು ಪಾಲು ಸಾಕು. ಹೊರಡುವಾಗ ತಿರುಚುಬಲ ಇದರ ಎಷ್ಟೋ ಪಟ್ಟು ಇರುತ್ತದೆ. ಹೊರಡುವಾಗಿನ ಸದ್ದು ಯಾಕೆ ಜೋರು ಎಂಬುದಕ್ಕೂ ಇದೇ ಉತ್ತರ.

ಹೀಗಿದ್ದರೆ ಪರೀಕ್ಷೆ ಸುಲಭ. ತಮ್ಮನನ್ನು ಕರೆದು ಸ್ಟೀರಿಂಗ್ ಕೊಟ್ಟೆ. ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ ನಿಲ್ಲಿಸಲು ಹೇಳಿ ಪಕ್ಕದಲ್ಲಿ ನಡೆಯುತ್ತ ಕಿವಿಗೊಟ್ಟೆ. ಹತ್ತು ಸಲ ‘ಡಿ’ಯಲ್ಲಿ ನಿಲ್ಲಿಸಿದ, ಎಂಟು ಸಲ ಸದ್ದು ಬಂತು.

“ಅಣ್ಣ, ಇನ್ನೊಮ್ಮೆ ಮಾಡಲೇ?”

“ಮಾಡು. ಈ ಸಲ ನಿಲ್ಲುವ ಮುಂಚೆಯೇ ನ್ಯೂಟ್ರಲ್‌ಗೆ ಹಾಕು.”

ಮತ್ತೆ ಹತ್ತು ಸಲ. ಎರಡು ಸಲ ಮಾತ್ರ ಕೇಳಿಸಿತು, ಅದೂ ತೀರ ಮೆಲ್ಲಗೆ. ತಿರುಚುಬಲ ತೆಗೆದರೆ ಸದ್ದು ಹೋಗುತ್ತದೆ ಎಂದಾದರೆ ಬೆರಳು ತೋರಿಸಬೇಕಾದದ್ದು ಸ್ಲಿಪ್ ಜಾಯಿಂಟಿನ ಕಡೆಗೇ.

ಮೊದಲ ಪ್ರಯತ್ನ

ತೋಳಿನ ಮೇಲೆ ಗ್ರೀಸ್ ನಿಪ್ಪಲ್ ಇತ್ತು. ಚಾಸಿಸ್‌ಗೆ ಜ್ಯಾಕ್ ಕೊಟ್ಟು ಗಾಡಿಯ ಹಿಂಭಾಗ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ನಿಪ್ಪಲ್ ಒರೆಸಿ, ಗ್ರೀಸ್ ಗನ್ ಸಿಕ್ಕಿಸಿ ಒತ್ತತೊಡಗಿದೆ. ಹದಿನೈದು ಒತ್ತು ಕೊಟ್ಟ ಮೇಲೆ ಸೀಲಿನ ಅಂಚಿನಲ್ಲಿ ಗ್ರೀಸ್ ಹಣಕಿತು. ಒರೆಸಿ ಇಳಿಸಿದೆ.

ಸದ್ದು ನಿಂತಿತು. ಒಂಬತ್ತು ದಿನ. ಆಮೇಲೆ ಹಳೆಯ ‘ಟಕ್’ ಮರಳಿತು. ಆ ಒಂಬತ್ತು ದಿನವೂ ಪೂರ್ತಿ ಒಳ್ಳೆಯವಾಗಿರಲಿಲ್ಲ. ಉಬ್ಬು ದಾಟುವಾಗ ಹಿಂದಿನಿಂದ ಮೊದಲಿಲ್ಲದ ಒಂದು ಗಡುಸು ಹೊಡೆತ ಬರುತ್ತಿತ್ತು.

ಎರಡು ತಪ್ಪು ಮಾಡಿದ್ದೆ. ಒಂದನ್ನು ಆಗಲೇ ತಿಳಿದೆ, ಇನ್ನೊಂದನ್ನು ಶಾಫ್ಟ್ ಬಿಚ್ಚಿದ ಮೇಲೆ.

ಆಗ ತಿಳಿದದ್ದು ಇದು. ಚಾಸಿಸ್ ಹಿಡಿದು ಎತ್ತಿದರೆ ಆಕ್ಸಲ್ ಕೆಳಗೆ ಜೋತು ಬೀಳುತ್ತದೆ, ಶಾಫ್ಟ್ ಎಳೆದುಕೊಂಡು ಉದ್ದವಾಗಿರುತ್ತದೆ. ಆಗ ತೋಳಿನ ತಳದಲ್ಲಿ, ದಂಡದ ತುದಿಯ ಆಚೆಗೆ, ಖಾಲಿ ಜಾಗ ಹೆಚ್ಚಿರುತ್ತದೆ. ಅದನ್ನು ಗ್ರೀಸಿನಿಂದ ತುಂಬಿಸಿದೆ. ಗಾಡಿ ಇಳಿಸಿದಾಗ ಶಾಫ್ಟ್ ಗಿಡ್ಡವಾಗಬೇಕು, ಆದರೆ ಒಳಗಿನ ಗ್ರೀಸ್ ಕುಗ್ಗುವ ವಸ್ತುವಲ್ಲ. ಹಲ್ಲುಗಳ ಸಂದಿಯಲ್ಲಿ ಮೆಲ್ಲಗೆ ನುಸುಳಿ ಹೊರಬರುವ ತನಕ ಅದು ಶಾಫ್ಟನ್ನು ತಡೆದು ನಿಲ್ಲಿಸುತ್ತದೆ. ಒಂದು ಒತ್ತಿಗೆ ಸುಮಾರು ಒಂದು ಗ್ರಾಂ ಎಂದರೂ ಹದಿನೈದು ಒತ್ತಿನ ಗ್ರೀಸ್ 35 ಮಿ.ಮೀ. ವ್ಯಾಸದ ರಂಧ್ರದಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಉದ್ದವನ್ನು ತುಂಬುತ್ತದೆ. ಅಷ್ಟು ಅಗಲದ ರಂಧ್ರದಲ್ಲಿ 100 ಬಾರ್ ಒತ್ತಡ ಎದ್ದರೆ ಶಾಫ್ಟಿನ ಉದ್ದಕ್ಕೆ ಬೀಳುವ ಬಲ ಹೆಚ್ಚುಕಡಿಮೆ ಒಂದು ಟನ್ ಭಾರದಷ್ಟು. ಕೈಯ ಗ್ರೀಸ್ ಗನ್ ಅದಕ್ಕಿಂತ ಎಷ್ಟೋ ಹೆಚ್ಚಿನ ಒತ್ತಡ ಕೊಡಬಲ್ಲದು. ಆ ಬಲವನ್ನು ತಿನ್ನುವುದು ಮುಂದೆ ಟ್ರಾನ್ಸ್‌ಫರ್ ಕೇಸಿನ ಬೇರಿಂಗು, ಹಿಂದೆ ಪಿನಿಯನ್ ಬೇರಿಂಗು. ಒಂದು ಸಣ್ಣ ಸದ್ದು ನಿಲ್ಲಿಸಲು ಹೋಗಿ ಎರಡು ದೊಡ್ಡ ಬೇರಿಂಗು ಕಳೆದುಕೊಳ್ಳುವ ದಾರಿ ಇದು. ಸ್ಲಿಪ್ ಜಾಯಿಂಟಿಗೆ ಗ್ರೀಸ್ ಕೊಡುವಾಗ ಚಕ್ರಗಳು ನೆಲದ ಮೇಲಿರಬೇಕು, ಗಾಡಿಯ ಭಾರ ಸ್ಪ್ರಿಂಗಿನ ಮೇಲಿರಬೇಕು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ಕೆಲವು ಸ್ಲಿಪ್ ಜಾಯಿಂಟುಗಳ ತಳದ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ, ದೊಡ್ಡ ಟ್ರಕ್ಕುಗಳಲ್ಲಿ ಇದು ಸಾಮಾನ್ಯ. ಅಂಥ ಕಡೆ ಕ್ರಮ ಬೇರೆ: ಮೊದಲು ತೂತಿನಿಂದ ಗ್ರೀಸ್ ಬರುವ ತನಕ ಒತ್ತಿ, ನಂತರ ತೂತನ್ನು ಬೆರಳಿನಿಂದ ಮುಚ್ಚಿ ಸೀಲಿನಲ್ಲಿ ಕಾಣಿಸುವ ತನಕ ಒತ್ತುತ್ತಾರೆ. ಹೆಚ್ಚಾದದ್ದು ಆ ತೂತಿನಿಂದ ಹೊರಬೀಳುತ್ತದೆ. ನನ್ನದರಲ್ಲಿ ತೂತು ಇಲ್ಲ.

ಶಾಫ್ಟ್ ಇಳಿಸಿದ್ದು

ಮುಂದಿನ ವಾರ ಬೆಳಿಗ್ಗೆಯೇ ಕೆಳಗೆ ಮಲಗಿದೆ. ಈ ಕೆಲಸಕ್ಕೆ ಕೈ ಹಾಕುವವರು ಒಂದು ವಿಷಯ ಮರೆಯಬಾರದು: ಪ್ರೊಪೆಲ್ಲರ್ ಶಾಫ್ಟ್ ಕಳಚಿದ ಕ್ಷಣದಿಂದ ಗೇರ್ ‘ಪಿ’ಯಲ್ಲಿದ್ದರೂ (ಪಾರ್ಕ್) ಹಿಂದಿನ ಚಕ್ರಗಳಿಗೆ ಹಿಡಿತವಿಲ್ಲ. ಕೆಲವು ಹಳೆಯ ನಾಲ್ಕು ಚಕ್ರ ಚಾಲನೆಯ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಕೂಡ ಚಕ್ರಗಳಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಡ್ರಮ್ಮಿನಲ್ಲಿರುತ್ತದೆ. ಅಲ್ಲಿ ಶಾಫ್ಟ್ ಬಿಚ್ಚಿದರೆ ಹ್ಯಾಂಡ್ ಬ್ರೇಕೂ ಇಲ್ಲದಂತೆಯೇ. ಆದ್ದರಿಂದ ಸಮತಟ್ಟು ನೆಲ, ನಾಲ್ಕೂ ಚಕ್ರಕ್ಕೆ ಎರಡೂ ಕಡೆ ಅಡ್ಡ. ಇದಾಗದೆ ಸ್ಪ್ಯಾನರ್ ಮುಟ್ಟಬೇಡಿ.

ಎರಡನೆಯದು ಗುರುತು. ಮುಂದಿನ ಫ್ಲಾಂಜಿನ ಜೋಡಿಗೆ ಒಂದು, ಹಿಂದಿನದಕ್ಕೆ ಒಂದು, ತೋಳಿಗೂ ಶಾಫ್ಟಿಗೂ ಒಂದು. ಕಡೆಯದೇ ಮುಖ್ಯ. ಕ್ರಾಸ್ ಕೋನದಲ್ಲಿ ತಿರುಗುವಾಗ ವೇಗವನ್ನು ಒಂದೇ ಸಮನಾಗಿ ದಾಟಿಸುವುದಿಲ್ಲ, ಪ್ರತಿ ಸುತ್ತಿಗೆ ಎರಡು ಸಲ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಕೋನ 10 ಡಿಗ್ರಿ ಇದ್ದರೆ ಏರಿಳಿತ ಶೇಕಡಾ ಒಂದೂವರೆಯಷ್ಟು. ಮುಂದಿನ ಕ್ರಾಸ್ ಎಬ್ಬಿಸಿದ ಏರಿಳಿತವನ್ನು ಹಿಂದಿನ ಕ್ರಾಸ್ ಅಳಿಸಬೇಕಾದರೆ ಶಾಫ್ಟಿನ ಎರಡು ತುದಿಯ ಕಿವಿಗಳು, ಅಂದರೆ ಕ್ರಾಸನ್ನು ಹಿಡಿದಿರುವ ಕವಲುಗಳು, ಒಂದೇ ಸಾಲಿನಲ್ಲಿರಬೇಕು. ತೋಳನ್ನು ಒಂದು ಹಲ್ಲು ತಪ್ಪಿಸಿ ಕೂರಿಸಿದರೂ ಲೆಕ್ಕ ಕೆಡುತ್ತದೆ. ನನ್ನ ಗಾಡಿ ಗಂಟೆಗೆ 60 ಕಿ.ಮೀ. ಓಡುವಾಗ ಈ ಶಾಫ್ಟ್ ನಿಮಿಷಕ್ಕೆ ಸುಮಾರು 1,850 ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ಸಣ್ಣ ತಪ್ಪೂ ನೆಲಹಾಸಿನ ಕೆಳಗೆ ನಡುಕವಾಗಿ ತಿಳಿಯುತ್ತದೆ.

ಬಣ್ಣದ ಗೆರೆ ಎಳೆದರೆ ಸಾಕೆಂದು ಮೊದಲು ಅನ್ನಿಸಿತು. ಆದರೆ ಸೀಮೆಎಣ್ಣೆಯಲ್ಲಿ ತೊಳೆಯುವಾಗ ಬಣ್ಣ ಹೋಗುತ್ತದೆ. ಸೆಂಟರ್ ಪಂಚ್‌ನಿಂದ ತೋಳಿನ ಅಂಚಿಗೆ ಒಂದು ಚುಕ್ಕೆ, ಅದರ ನೇರಕ್ಕೆ ಶಾಫ್ಟಿನ ಮೇಲೆ ಇನ್ನೊಂದು ಚುಕ್ಕೆ ಇಟ್ಟೆ. ಕೊಳವೆಯ ತೆಳು ಭಾಗದ ಮೇಲೆ ಪಂಚ್ ಹೊಡೆಯಬಾರದು, ಹಲ್ಲುಗಳ ಹತ್ತಿರದ ದಪ್ಪ ಉಕ್ಕಿನ ಮೇಲೆ ಮಾತ್ರ.

ಎಂಟು ಬೋಲ್ಟು, ಎಲ್ಲಕ್ಕೂ 14 ಮಿ.ಮೀ. ಸ್ಪ್ಯಾನರ್. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ, ಆದರೂ ಎರಡು ಬೋಲ್ಟು ತುಂಬ ಸತಾಯಿಸಿದವು. ಹಿಂದಿನ ತುದಿ ಬಿಚ್ಚುವ ಮೊದಲೇ ಶಾಫ್ಟಿನ ನಡುವಿಗೆ ಹಗ್ಗ ಹಾಕಿ ಚಾಸಿಸ್‌ಗೆ ಕಟ್ಟಿದ್ದೆ. ಶಾಫ್ಟಿನ ಭಾರವೆಲ್ಲ ಒಂದೇ ಕ್ರಾಸಿನ ಮೇಲೆ ಜೋತು ಬಿದ್ದರೆ ಅದು ಕೆಡುತ್ತದೆ. ಹಿಂದೆ, ಮುಂದೆ, ಹಗ್ಗ, ಈ ಕ್ರಮದಲ್ಲಿ ಇಳಿಸಿದೆ. ನನ್ನ ಗಾಡಿಯಲ್ಲಿ ಎರಡೂ ಕಡೆ ಫ್ಲಾಂಜ್ ಇರುವುದರಿಂದ ಎಣ್ಣೆ ಸೋರಲಿಲ್ಲ. ತೋಳು ನೇರವಾಗಿ ಗೇರ್ ಬಾಕ್ಸಿನ ಬಾಲದೊಳಗೆ ಹೋಗುವ ಗಾಡಿಗಳಲ್ಲಿ ಎಳೆದ ಕೂಡಲೇ ಎಣ್ಣೆ ಸುರಿಯುತ್ತದೆ, ಕೆಳಗೆ ತಟ್ಟೆಯೂ ಬಾಯಿ ಮುಚ್ಚಲು ಒಂದು ಬಿರಡೆಯೂ ಸಿದ್ಧವಿರಬೇಕು.

ಇನ್ನು ಹೇಳುವುದು ಈ ಕೆಲಸದಲ್ಲಿ ನನಗೆ ಬಹಳ ಸಂತೋಷ ಕೊಟ್ಟ ಕ್ಷಣ. ಶಾಫ್ಟನ್ನು ನೆಟ್ಟಗೆ ನಿಲ್ಲಿಸಿ, ತೋಳಿನ ತುದಿಯನ್ನು ಮರದ ಹಲಗೆಯ ಮೇಲೆ ಊರಿ, ಮೇಲಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಒತ್ತಿದೆ. ತಿರುಚುಬಲ ಏನೇನೂ ಇಲ್ಲ, ಬರಿಯ ಒತ್ತಡ. ಸುಲಭವಾಗಿ ಜಾರಬೇಕು. ಅಲುಗಲಿಲ್ಲ. ಇನ್ನಷ್ಟು ಭಾರ ಬಿಟ್ಟೆ. ಅಲುಗಲಿಲ್ಲ. ಎದೆಯ ಭಾರವನ್ನೆಲ್ಲ ಅದರ ಮೇಲೆ ಹಾಕಿದಾಗ ಒಮ್ಮೆಲೇ ಬೆರಳಗಲ ಕೆಳಗಿಳಿಯಿತು: ‘ಟಕ್’. ಅದೇ ಸದ್ದು. ಅದೇ ಗಟ್ಟಿತನ, ಅದೇ ಮೊಟಕು ಕೊನೆ. ಎರಡು ತಿಂಗಳು ಸೀಟಿನ ಕೆಳಗೆ ಕೇಳಿದ್ದು ಈಗ ನನ್ನ ಎರಡು ಅಂಗೈಯೊಳಗೆ ಕೇಳಿಸಿತು. ದೂರದಲ್ಲಿ ನಿಂತಿದ್ದ ತಮ್ಮನೂ ತಿರುಗಿ ನೋಡಿದ.

ಹಲ್ಲುಗಳು

ಧೂಳಿನ ಸೀಲನ್ನು ಹಿಡಿದಿರುವ ತಿರುಪಿನ ಬಳೆಯನ್ನು ಬಿಚ್ಚಿ ಹಿಂದಕ್ಕೆ ಸರಿಸಿದೆ. ಒಂದು ತುದಿಯನ್ನು ತಮ್ಮ ಹಿಡಿದ, ಇನ್ನೊಂದನ್ನು ನಾನು ಹಿಡಿದು ತಿರುಗಿಸದೆ ನೇರಕ್ಕೆ ಎಳೆದೆವು. ಸುತ್ತಿಗೆ ಬೇಕಾಗಲಿಲ್ಲ. ಬೇಕಾದರೂ ಮರದ ತುಂಡು ಅಡ್ಡವಿಟ್ಟೇ ಹೊಡೆಯಬೇಕು.

ಒಳಗೆ ಕಂಡದ್ದು ನನ್ನ ಎರಡನೆಯ ತಪ್ಪು. ಹೋದ ಸಲ ತುಂಬಿದ ಹೊಸ ಗ್ರೀಸ್ ತೋಳಿನ ತಳದಲ್ಲಿ ಗಡ್ಡೆಯಾಗಿ ಕೂತಿತ್ತು. ಹಲ್ಲುಗಳ ಮೇಲೆ ಅದು ಹರಿದಿದ್ದು ಒಂದೇ ದಾರಿಯಲ್ಲಿ, ಎರಡು ಬೆರಳಗಲದ ಪಟ್ಟಿಯಾಗಿ ಸೀಲಿನ ತನಕ. ಅಲ್ಲಿ ಹಣಕಿದ್ದನ್ನು ನೋಡಿ ಎಲ್ಲ ಕಡೆ ತಲುಪಿತು ಎಂದುಕೊಂಡಿದ್ದೆ. ಮಿಕ್ಕ ಸುತ್ತಳತೆಯಲ್ಲಿ ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿ ಸಂದಿಗಳನ್ನು ಮುಚ್ಚಿತ್ತು. ಸಾಮಾನ್ಯ ಗ್ರೀಸ್ ಎಂದರೆ ಸೋಪಿನ ಜಾಲದಲ್ಲಿ ಹಿಡಿದಿಟ್ಟ ಎಣ್ಣೆ. ವರ್ಷಗಟ್ಟಲೆ ಬಿಟ್ಟರೆ ಎಣ್ಣೆ ಸೋರಿ ಹೋಗಿ ಸೋಪು ಮಾತ್ರ ಉಳಿಯುತ್ತದೆ. ಹೊಸದು ಒತ್ತಿದಾಗ ಈ ಗಟ್ಟಿಯನ್ನು ಕರಗಿಸುವುದಿಲ್ಲ, ಸುಲಭದ ದಾರಿ ಹುಡುಕಿ ಹೊರಗೆ ಬರುತ್ತದೆ.

ಮೇಣವನ್ನು ಉಗುರಿನಲ್ಲಿ ಕೆರೆದೆ. ಅಡಿಯಲ್ಲಿ ಕೆಂಗಂದು ಬಣ್ಣದ ಹುಡಿ ಇತ್ತು. ಹಲ್ಲುಗಳು ಒಣಗಿ ಒಂದಕ್ಕೊಂದು ಸಣ್ಣಗೆ ಉಜ್ಜುವಾಗ ಉದುರುವ ಉಕ್ಕಿನ ಪುಡಿ ಗಾಳಿ ತಾಗಿ ಹೀಗಾಗುತ್ತದೆ. ಒಂದು ಹಲ್ಲನ್ನು ಒರೆಸಿ ಬೆಳಕಿಗೆ ಹಿಡಿದೆ. ಒಂದು ಪಾರ್ಶ್ವ ಕನ್ನಡಿಯಂತೆ ಹೊಳೆಯುತ್ತಿತ್ತು, ಗಾಡಿ ಮುಂದಕ್ಕೆ ಎಳೆಯುವಾಗ ಒತ್ತುವ ಪಾರ್ಶ್ವ ಅದು. ಇನ್ನೊಂದು ಪಾರ್ಶ್ವ ಮಂಕು ಬೂದು. ಹೊಳಪಿನ ಪಟ್ಟಿಯ ನಡುವೆ ಅಡ್ಡಕ್ಕೆ ನಾಲ್ಕಾರು ಸಣ್ಣ ಗೀರುಗಳು. ಕಚ್ಚಿ ಹಿಡಿದು ತಪ್ಪಿಸಿಕೊಂಡ ಒಂದೊಂದು ಸಲದ ಗುರುತು ಎಂದು ನನಗೆ ಅನ್ನಿಸಿತು.

ಶಾಫ್ಟ್ ಉಳಿಯುತ್ತದೆಯೋ ಬದಲಿಸಬೇಕೋ ಎಂಬುದು ಇಲ್ಲೇ ತೀರ್ಮಾನವಾಗಬೇಕು. ಉಗುರನ್ನು ಹಲ್ಲಿನ ಉದ್ದಕ್ಕೂ ಎಳೆದೆ. ಹೊಳೆಯುವ ಭಾಗ ಮುಗಿಯುವಲ್ಲಿ ಮೆಟ್ಟಿಲಿನಂತೆ ತಡೆದರೆ ಉಕ್ಕು ಆಳವಾಗಿ ಸವೆದಿದೆ ಎಂದರ್ಥ, ಆಮೇಲೆ ಗ್ರೀಸ್ ಕೆಲವು ವಾರದ ಸಮಾಧಾನ ಅಷ್ಟೇ. ನನಗೆ ಗೀರು ತಿಳಿಯಿತು, ಮೆಟ್ಟಿಲು ಸಿಗಲಿಲ್ಲ. ಎರಡೂ ಕ್ರಾಸುಗಳನ್ನು ಕೈಯಲ್ಲಿ ಎಲ್ಲ ದಿಕ್ಕಿಗೂ ತೂಗಿದೆ, ಎಲ್ಲೂ ತೊಡಕು ಇರಲಿಲ್ಲ.

ತೊಳೆಯುವುದಕ್ಕೆ ಎರಡು ಗಂಟೆ ಹಿಡಿಯಿತು. ಸೀಮೆಎಣ್ಣೆ, ಹಿತ್ತಾಳೆಯ ತಂತಿಯ ಬ್ರಷ್, ಹಳೆಯ ಹತ್ತಿ ಬಟ್ಟೆ. ಮರಳು ಕಾಗದ ಬೇಡ. ಅದರ ಹರಳು ಸಂದಿಯಲ್ಲಿ ಉಳಿದರೆ ಗ್ರೀಸಿನ ಜೊತೆ ಸೇರಿ ಅರೆಯುತ್ತಲೇ ಇರುತ್ತದೆ. ಶಾಫ್ಟಿನ ಹೊರಹಲ್ಲು ಸುಲಭ. ತೋಳಿನ ಒಳಹಲ್ಲು ಕಷ್ಟ. ಕೋಲಿಗೆ ಬಟ್ಟೆ ಸುತ್ತಿ ಒಂದೊಂದು ಸಾಲನ್ನೂ ಒರೆಸಿದೆ, ಬಟ್ಟೆ ಬಿಳಿಯಾಗಿ ಹೊರಬರುವ ತನಕ. ನಿಪ್ಪಲನ್ನೂ ಬಿಚ್ಚಿ ತೊಳೆದೆ. ಅದರೊಳಗಿನ ಪುಟ್ಟ ಗುಂಡು ಒತ್ತಿದರೆ ಒಳಗೆ ಹೋಗಿ ಬಿಟ್ಟರೆ ಮರಳಬೇಕು. ಧೂಳಿನ ಸೀಲು ಸೀಳಿತ್ತು, ಹೊಸದು ಹಾಕಿದೆ. ಇಷ್ಟು ಒಣಗಲು ಆ ಸೀಳಿನಿಂದ ನುಗ್ಗಿದ ನೀರೇ ಮೂಲವಿರಬೇಕು.

ಒಣಗಿಸಿದ ಮೇಲೆ ಗ್ರೀಸ್ ಇಲ್ಲದೆಯೇ ಒಮ್ಮೆ ಕೂಡಿಸಿ ತಿರುಚಿ ನೋಡಿದೆ. ಅತಿ ಸಣ್ಣ ಆಟ. ಇರಲಿ.

ಯಾವ ಗ್ರೀಸ್, ಎಷ್ಟು

ಸ್ಲಿಪ್ ಜಾಯಿಂಟಿಗೆ ನಾನು ಹಾಕಿದ್ದು ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಲಿಥಿಯಂ ಗ್ರೀಸ್, ಗಟ್ಟಿತನ ಎನ್‌ಎಲ್‌ಜಿಐ 2. ಡಬ್ಬಿಯಲ್ಲಿ ಕಪ್ಪು ಬೂದು ಬಣ್ಣಕ್ಕಿರುತ್ತದೆ, ಬೆರಳಿಗೆ ತಾಗಿದರೆ ಎರಡು ದಿನ ಹೋಗುವುದಿಲ್ಲ. ಮಾಲಿಬ್ಡಿನಮ್ ಬೇಕಾದದ್ದಕ್ಕೆ ಕಾರಣವಿದೆ. ಬೇರಿಂಗಿನಲ್ಲಿ ಉರುಳೆಗಳು ವೇಗವಾಗಿ ಉರುಳುತ್ತವೆ, ಎಣ್ಣೆಯ ಪದರ ತಾನಾಗಿಯೇ ಏಳುತ್ತದೆ. ಸ್ಲಿಪ್ ಜಾಯಿಂಟಿನಲ್ಲಿ ಉರುಳುವುದು ಏನೂ ಇಲ್ಲ. ಭಾರೀ ಒತ್ತಡದಲ್ಲಿ ಕೆಲವು ಮಿಲಿಮೀಟರ್ ನಿಧಾನಕ್ಕೆ ಜಾರಿ ನಿಲ್ಲುವುದು, ಮತ್ತೆ ಜಾರುವುದು. ಅಂಥ ಕಡೆ ಎಣ್ಣೆ ಹಿಂಡಿ ಹೋಗುತ್ತದೆ. ಮಾಲಿಬ್ಡಿನಮ್ ಡೈಸಲ್ಫೈಡ್ ಹಾಳೆ ಹಾಳೆಯಾಗಿರುವ ಘನವಸ್ತು, ಎಣ್ಣೆ ಇಲ್ಲದ ಜಾಗದಲ್ಲೂ ಹಾಳೆಯ ಮೇಲೆ ಹಾಳೆ ಜಾರುತ್ತದೆ.

ಕ್ರಾಸುಗಳೊಳಗೆ ಇರುವುದು ಸೂಜಿಯಂಥ ಉರುಳೆಗಳು. ಅವಕ್ಕೆ ಸಾಮಾನ್ಯ ಲಿಥಿಯಂ ಇ.ಪಿ. (ಭಾರೀ ಒತ್ತಡ ತಾಳುವ) ಗ್ರೀಸನ್ನೇ ಕೊಟ್ಟೆ, ನಾಲ್ಕೂ ಬಟ್ಟಲಿನಿಂದ ಹಳೆಯದು ಹೊರಬಂದು ಹೊಸದು ಕಾಣುವ ತನಕ. ಎರಡು ಗ್ರೀಸಿಗೆ ಎರಡು ಗನ್ ಇಟ್ಟುಕೊಂಡರೆ ಒಳ್ಳೆಯದು. ಸಿಕ್ಕ ಸಿಕ್ಕ ಗ್ರೀಸುಗಳನ್ನು ಬೆರೆಸಬೇಡಿ. ಲಿಥಿಯಂ ಗ್ರೀಸಿನ ಮೇಲೆ ಜೇಡಿಯಿಂದಲೋ ಪಾಲಿಯೂರಿಯಾದಿಂದಲೋ ಮಾಡಿದ್ದನ್ನು ಒತ್ತಿದರೆ ಎರಡೂ ಹೊಂದದೆ ನೀರಾಗಿ ಸೋರುವುದೂ ಗಟ್ಟಿಯಾಗಿ ಕೂರುವುದೂ ಉಂಟು.

ಹಚ್ಚುವುದಕ್ಕೆ ಹಲ್ಲುಜ್ಜುವ ಹಳೆಯ ಬ್ರಷ್ ಬಳಸಿದೆ. ಹೊರಹಲ್ಲುಗಳ ಪ್ರತಿ ಸಂದಿಗೂ ತೆಳುವಾಗಿ, ಒಳಹಲ್ಲುಗಳಿಗೂ ಹಾಗೆಯೇ. ತಳದ ಖಾಲಿ ಜಾಗಕ್ಕೆ ಏನೂ ತುಂಬಲಿಲ್ಲ, ಅದು ಖಾಲಿಯಾಗಿಯೇ ಇರಬೇಕು. ನಿಪ್ಪಲ್ ಹಾಕುವ ಮೊದಲೇ ತೋಳನ್ನು ಕೂಡಿಸಿದೆ, ಇಲ್ಲದಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿ ಹಿಂದಕ್ಕೆ ತಳ್ಳುತ್ತದೆ. ಚುಕ್ಕೆಗೆ ಚುಕ್ಕೆ ನೇರ ಮಾಡಿ ಒಳಗೆ ನೂಕಿದಾಗ ನಿಪ್ಪಲಿನ ತೂತಿನಿಂದ ಗಾಳಿ ‘ಸ್ಸ್’ ಎಂದು ಹೊರಟಿತು. ಇಪ್ಪತ್ತು ಸಲ ಒಳಗೆ ಹೊರಗೆ ಮಾಡಿದೆ. ಬೆಳಿಗ್ಗೆ ಎದೆಯ ಭಾರವನ್ನೆಲ್ಲ ಹಾಕುವ ತನಕ ಅಲುಗದಿದ್ದ ಶಾಫ್ಟ್ ಈಗ ಒಂದು ಕೈಯಲ್ಲಿ ಜಾರುತ್ತಿತ್ತು, ಸದ್ದಿಲ್ಲದೆ.

ಕಿವಿಗಳು ಒಂದೇ ಸಾಲಿನಲ್ಲಿವೆಯೇ ಎಂದು ಶಾಫ್ಟಿನ ಉದ್ದಕ್ಕೂ ಕಣ್ಣು ಹಾಯಿಸಿ ಖಾತ್ರಿ ಮಾಡಿಕೊಂಡು ಮೇಲಕ್ಕೇರಿಸಿದೆ. ಬೋಲ್ಟುಗಳನ್ನು ಎದುರು ಬದುರಾಗಿ ಬಿಗಿದು, ಟಾರ್ಕ್ ರೆಂಚ್‌ನಿಂದ ಕೈಪಿಡಿ ಹೇಳುವ 74 ನ್ಯೂಟನ್ ಮೀಟರಿಗೆ ತಂದೆ. ಈ ಅಂಕಿ ನನ್ನ ಗಾಡಿಯದು, ನಿಮ್ಮದಕ್ಕೆ ನಿಮ್ಮ ಕೈಪಿಡಿ ನೋಡಬೇಕು.

ಕಡೆಗೆ ಚಕ್ರಗಳು ನೆಲದ ಮೇಲಿರುವಾಗಲೇ ನಿಪ್ಪಲಿಗೆ ಗನ್ ಹಚ್ಚಿದೆ. ಒಂದು ಕೈಯ ಬೆರಳು ತೋಳಿನ ಅಂಚಿನಲ್ಲಿ, ಶಾಫ್ಟ್ ಸರಿಯುತ್ತದೆಯೇ ಎಂದು ತಿಳಿಯಲು. ಒಂದು ಒತ್ತು. ಎರಡು. ಮೂರನೆಯದಕ್ಕೆ ಬೆರಳಿಗೆ ಕೂದಲೆಳೆಯಷ್ಟು ಚಲನೆ ತಿಳಿದಂತಾಯಿತು. ಅಲ್ಲಿಗೆ ನಿಲ್ಲಿಸಿದೆ. ಸೀಲಿನಲ್ಲಿ ಗ್ರೀಸ್ ಕಾಣುವ ತನಕ ಕಾಯಲಿಲ್ಲ. ಹಲ್ಲುಗಳಿಗೆ ಕೈಯಲ್ಲೇ ಹಚ್ಚಿ ಆಗಿದೆ, ತಳದಲ್ಲಿ ಗಾಳಿಗೆ ಜಾಗ ಉಳಿಯಬೇಕು.

ಆಮೇಲೆ

ಅದೇ ಖಾಲಿ ಜಾಗದಲ್ಲಿ ತಮ್ಮ ಮತ್ತೆ ಇಪ್ಪತ್ತು ಸಲ ಓಡಿಸಿ ನಿಲ್ಲಿಸಿದ, ಎಲ್ಲವೂ ‘ಡಿ’ಯಲ್ಲಿ. ಒಮ್ಮೆಯೂ ಸದ್ದಿಲ್ಲ. ಬ್ರೇಕ್ ಬಿಟ್ಟಾಗ ಹಿಂಭಾಗ ಮೆತ್ತಗೆ ಕುಳಿತುಕೊಳ್ಳುವುದು ಹೊರಗಿನಿಂದಲೇ ಕಾಣುತ್ತಿತ್ತು. ಉಬ್ಬಿನ ಮೇಲಿನ ಗಡುಸು ಹೊಡೆತವೂ ಹೋಯಿತು. ಗಂಟೆಗೆ 90 ಕಿ.ಮೀ. ತನಕ ಓಡಿಸಿ ನೋಡಿದೆ, ನಡುಕವಿಲ್ಲ.

ಒಂದು ಸದ್ದು ಉಳಿದಿದೆ. ‘ಆರ್’ನಿಂದ ‘ಡಿ’ಗೆ ಹಾಕುವಾಗ ಹಿಂದಿನಿಂದ ಒಂದು ಮೆಲುವಾದ ‘ಟಿಕ್’. ಅದು ಕ್ರೌನ್ ಪಿನಿಯನ್ ಹಲ್ಲುಗಳ ನಡುವಿನ ಆಟ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುವ ಸದ್ದು. ಬೇರೆ ಜಾಗದ್ದು, ಬೇರೆ ಹೊತ್ತಿನದು. ಗ್ರೀಸ್ ಅದನ್ನು ಮುಟ್ಟುವುದಿಲ್ಲ, ಮುಟ್ಟಬೇಕಾಗಿಯೂ ಇಲ್ಲ.

500 ಕಿ.ಮೀ. ಆದ ಮೇಲೆ ಎಂಟು ಬೋಲ್ಟುಗಳಿಗೂ ಟಾರ್ಕ್ ರೆಂಚ್ ಹಚ್ಚಿದೆ, ಯಾವುದೂ ಸರಿದಿರಲಿಲ್ಲ. 3,000 ಕಿ.ಮೀ.ಗೆ ಮತ್ತೆ ಕೆಳಗೆ ಮಲಗಿದೆ. ಹೊಸ ಸೀಲಿನ ಸುತ್ತ ಕಪ್ಪು ಗ್ರೀಸಿನ ತೆಳುವಾದ ಉಂಗುರ ಮೂಡಿತ್ತು, ಈ ಸಲ ಪೂರ್ತಿ ಸುತ್ತ, ಎಲ್ಲೂ ಮುರಿಯದೆ. ಅದನ್ನು ಒರೆಸಿ ಒಂದು ಒತ್ತು ಕೊಟ್ಟು, ಎಣ್ಣೆ ಬದಲಿಸಿದ ತಾರೀಕಿನ ಪಕ್ಕದಲ್ಲಿ ‘ಸ್ಲಿಪ್ ಜಾಯಿಂಟ್, 1 ಒತ್ತು, ಚಕ್ರ ನೆಲದ ಮೇಲೆ’ ಎಂದು ಬರೆದೆ.